ಪೋಲೆಂಡಿನ ಕೆಲಸಗಾರರು: 1980ರ ಒಂದು ಶನಿವಾರ

ಕೆಲಸಗಾರರದೇ ರಾಜ್ಯವೆಂದು ಹೇಳಿಕೊಂಡ ಸರಕಾರವು ಕೆಲಸಗಾರರಿಗೇ ಏಕೆ ಅಂಜಿತು? ನಮ್ಮ ವಾಚನಾಲಯದ ಮೇಜಿನ ಸುತ್ತ ಈ ಪ್ರಶ್ನೆ ಆಗಾಗ ಏಳುವುದುಂಟು. ಪೋಲೆಂಡ್ ದೇಶದ 1980ನೆಯ ಇಸವಿಯ ಕತೆಯಲ್ಲಿ ಇದಕ್ಕೆ ಉತ್ತರವಿದೆ. ನಾವು ಪಂಡಿತರಲ್ಲ, ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವವರು. ಓದಿ ತಿಳಿದುದನ್ನು ವಾಚಕರ ಮುಂದಿಡುತ್ತೇವೆ.

ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿ ಕಮ್ಯುನಿಸ್ಟ್ ಪಕ್ಷದ ಆಡಳಿತ ನೆಲೆಗೊಂಡಿತು. ದೊಡ್ಡ ಕಾರಖಾನೆಗಳೆಲ್ಲ ಸರಕಾರದವು. ಯೂನಿಯನ್ನೂ ಸರಕಾರದ ಹಿಡಿತದಲ್ಲೇ. ಅಂದರೆ ಯಾರ ಮೇಲೆ ದೂರೋ ಅವರಿಗೇ ದೂರು ಕೊಡಬೇಕು! 1970ರ ಡಿಸೆಂಬರಿನಲ್ಲಿ ಆಹಾರದ ಬೆಲೆ ಏರಿಸಿದಾಗ ಬಾಲ್ಟಿಕ್ ಸಮುದ್ರತೀರದ ಪಟ್ಟಣಗಳ ಕೆಲಸಗಾರರು ಬೀದಿಗಿಳಿದರು. ಸರಕಾರ ಗುಂಡು ಹಾರಿಸಿತು. 40ಕ್ಕೂ ಹೆಚ್ಚು ಮಂದಿ ಸತ್ತರು. ಬಳಿಕ ಬಂದ ನಾಯಕ ಗೀರೆಕ್ ಪಶ್ಚಿಮ ದೇಶಗಳಿಂದ ಸಾಲ ತಂದು ಕಾರಖಾನೆ ಕಟ್ಟಿಸಿದರು. ಹತ್ತು ವರ್ಷಗಳಲ್ಲಿ ವಿದೇಶೀ ಸಾಲ ಸುಮಾರು 2,000 ಕೋಟಿ ಡಾಲರಿಗೆ ಮುಟ್ಟಿತು. ಅಂಗಡಿಗಳ ಮುಂದಿನ ಸಾಲೂ ಹಾಗೆಯೇ ಬೆಳೆಯಿತು. 1980ರ ಜುಲೈ 1ರಂದು ಮಾಂಸ ಮತ್ತೆ ತುಟ್ಟಿಯಾಯಿತು. ಅಲ್ಲಲ್ಲಿ ಮುಷ್ಕರಗಳು ಆರಂಭವಾದವು.

ಗ್ದಾನ್ಸ್ಕ್ ನಗರದಲ್ಲಿ ಲೆನಿನ್ ಹೆಸರಿನ ಹಡಗು ಕಟ್ಟುವ ಕಾರಖಾನೆಯಿತ್ತು. ಕ್ರೇನ್ ನಡೆಸುತ್ತಿದ್ದ ಅನ್ನಾ ವಾಲೆಂಟಿನೋವಿಚ್ ಎಂಬಾಕೆ ಸ್ವತಂತ್ರ ಯೂನಿಯನ್ ಕಟ್ಟಲು ದುಡಿದವರು. ಪಿಂಚಣಿಗೆ ಐದೇ ತಿಂಗಳು ಉಳಿದಿರುವಾಗ ಅವರನ್ನು ಕೆಲಸದಿಂದ ತೆಗೆದರು. ಆಗಸ್ಟ್ 14ರಂದು ಕಾರಖಾನೆ ನಿಂತಿತು. ಹಿಂದೆಯೇ ಅಲ್ಲಿ ಕೆಲಸ ಕಳೆದುಕೊಂಡಿದ್ದ ಎಲೆಕ್ಟ್ರಿಶಿಯನ್ ಲೆಖ್ ವಾಲೆಸಾ ಮುಂದಾಳಾದರು.

ಆಗಸ್ಟ್ 16, ಶನಿವಾರ. ಅನ್ನಾ, ವಾಲೆಸಾ ಇಬ್ಬರಿಗೂ ಮರಳಿ ಕೆಲಸ, ಪಗಾರಕ್ಕೆ 1,500 ಝ್ಲೋಟಿ ಹೆಚ್ಚಳ ಎಂದು ಆಡಳಿತ ಒಪ್ಪಿತು. ಮುಷ್ಕರ ಮುಗಿಯಿತೆಂದು ವಾಲೆಸಾ ಸಾರಿದರು. ಜನರು ಮನೆಯ ದಾರಿ ಹಿಡಿದರು. ಆದರೆ ಇವರ ಬೆಂಬಲಕ್ಕೆಂದು ಕೆಲಸ ನಿಲ್ಲಿಸಿದ್ದ ಬಸ್ಸು, ಟ್ರಾಮುಗಳವರ ಮತ್ತು ಸಣ್ಣ ಕಾರಖಾನೆಗಳವರ ಗತಿಯೇನು? ದೊಡ್ಡವರು ಬಿಟ್ಟುಹೋದರೆ ತಮ್ಮನ್ನು ಹೊಸಕಿಹಾಕುತ್ತಾರೆಂದು ಟ್ರಾಮ್ ಚಾಲಕಿ ಹೆನ್ರಿಕಾ ಕ್ಶಿವೋನೋಸ್ ಮೊರೆಯಿಟ್ಟರು. ಅನ್ನಾ ಮತ್ತು ದಾದಿ ಅಲೀನಾ ಪಿಯೆಂಕೋವ್ಸ್ಕಾ ಗೇಟುಗಳಿಗೆ ಓಡಿ, ಹೊರಟವರನ್ನು ತಡೆದು, ಗೇಟು ಮುಚ್ಚಿಸಿದರು. ವಾಲೆಸಾ ಮಾತು ಬದಲಿಸಿದರು. ಮುಷ್ಕರ ಈಗ ಎಲ್ಲರದಾಯಿತು.

ಆ ರಾತ್ರಿ ಜಂಟಿ ಸಮಿತಿ ಹುಟ್ಟಿತು. ಕೊನೆಗೆ ಅದರಲ್ಲಿ 600ಕ್ಕೂ ಹೆಚ್ಚು ಕಾರಖಾನೆ, ಸಂಸ್ಥೆಗಳು ಸೇರಿದವು. 21 ಬೇಡಿಕೆಗಳನ್ನು ಹಲಗೆಯ ಮೇಲೆ ಬರೆದು ಗೇಟಿಗೆ ತೂಗುಹಾಕಿದರು. ಮೊದಲನೆಯದು ಪಕ್ಷದ ಹಂಗಿಲ್ಲದ ಯೂನಿಯನ್. ಎರಡನೆಯದು ಮುಷ್ಕರದ ಹಕ್ಕು. ಪಗಾರದ ಮಾತು ಅನಂತರದ್ದು. ಆಗಸ್ಟ್ 31ರಂದು ಉಪಪ್ರಧಾನಿ ಯಾಗೆಲ್ಸ್ಕಿ ಸಹಿ ಹಾಕಿದರು. ಒಂದೇ ವಾರದಲ್ಲಿ ಗೀರೆಕ್ ಪದವಿ ಬಿಡಬೇಕಾಯಿತು. ಹೊಸ ಯೂನಿಯನ್ನಿಗೆ 'ಒಗ್ಗಟ್ಟು' ಎಂಬರ್ಥದ ಸೊಲಿದಾರ್ನೋಶ್ಚ್ ಎಂದು ಹೆಸರಾಯಿತು. ಒಂದು ವರ್ಷದಲ್ಲಿ ಅದರ ಸದಸ್ಯರು ಒಂದು ಕೋಟಿಯ ಹತ್ತಿರ ಬಂದರು. ಅಂಜಿಕೆಯ ಮೂಲ ಇಲ್ಲಿದೆ: ಕೆಲಸಗಾರರ ಪರವಾಗಿ ಮಾತಾಡುವವರು ತಾವೊಬ್ಬರೇ ಎಂಬುದರ ಮೇಲೆಯೇ ಪಕ್ಷ ನಿಂತಿತ್ತು.

1981ರ ಡಿಸೆಂಬರ್ 13ರಂದು ಸೈನ್ಯಾಡಳಿತ ಬಂತು. ನಾಯಕರು ಬಂಧನಕ್ಕೊಳಗಾದರು, ಮುಂದಿನ ವರ್ಷ ಯೂನಿಯನ್ ನಿಷೇಧವಾಯಿತು. ಆದರೂ ಅದು ಗುಪ್ತವಾಗಿ ಬದುಕಿತು. 1989ರ ಜೂನ್ ಚುನಾವಣೆಯಲ್ಲಿ ಪಕ್ಷ ಸೋತು, ಮಜೋವಿಯೆತ್ಸ್ಕಿ ಪ್ರಧಾನಿಯಾದರು. ಗೆದ್ದವರಿಗೆ ಎಲ್ಲವೂ ದಕ್ಕಲಿಲ್ಲವೆಂಬುದನ್ನೂ ಹೇಳಬೇಕು: ಹೊಸ ವ್ಯವಸ್ಥೆಯಲ್ಲಿ, 1996ರಲ್ಲಿ, ಆ ಹಡಗು ಕಾರಖಾನೆಯೇ ದಿವಾಳಿಯೆದ್ದಿತು.

1,500 ಝ್ಲೋಟಿ ಸಣ್ಣ ಮೊತ್ತವಲ್ಲ. ಮಕ್ಕಳೊಂದಿಗರಾದ ನಮಗೆ ಅದರ ಆಸೆ ಅರ್ಥವಾಗುತ್ತದೆ. ಆ ಶನಿವಾರ ಮನೆಗೆ ಹೋದವರನ್ನು ನಾವು ಹಳಿಯಲಾರೆವು. ಆದರೆ ಎಲ್ಲರೂ ಹೋಗಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು.