ಕಾರವಾರ–ಅಂಕೋಲಾಕ್ಕೆ ಎಂಥ ಗಾಲ್ಫ್ ಒಗ್ಗೀತು?

ಗಾಲ್ಫ್ ಸಿರಿವಂತರ ಆಟ ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಆಟದ ನಿಯಮಗಳಲ್ಲಿ ಇದಕ್ಕೆ ಆಧಾರವಿಲ್ಲ. ಒಂದು ಚೆಂಡನ್ನು 108 ಮಿ.ಮೀ. ಅಗಲದ ಕುಳಿಯೊಳಗೆ ಆದಷ್ಟು ಕಡಿಮೆ ಹೊಡೆತಗಳಲ್ಲಿ ಬೀಳಿಸಬೇಕು, ಅಷ್ಟೆ. ನುರಿತವನಿಗೆ ಎಷ್ಟು ಹೊಡೆತ ಸಾಕು ಎಂಬುದು ಕುಳಿಯಿಂದ ಕುಳಿಗೆ ಬೇರೆ; ಮೂರು, ನಾಲ್ಕು ಅಥವಾ ಐದು. ಆ ಲೆಕ್ಕಕ್ಕೆ ‘ಪಾರ್’ ಎನ್ನುತ್ತಾರೆ. ಕೋಲುಗಳು ಹದಿನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ, ಕಡಿಮೆ ಇದ್ದರೆ ಅಡ್ಡಿಯಿಲ್ಲ. ಹೊಸಬರಿಗೆ ‘ಹ್ಯಾಂಡಿಕ್ಯಾಪ್’ ಎಂಬ ರಿಯಾಯಿತಿ ಹೊಡೆತಗಳು ಸಿಗುವುದರಿಂದ ಕಲಿಯುವವರೂ ಕಲಿತವರೂ ಸರಿಸಮವಾಗಿ ಸೆಣಸಬಹುದು. ಖರ್ಚು ಬೆಳೆಯುವುದು ನೆಲದಲ್ಲಿ. ಹದಿನೆಂಟು ಕುಳಿಗಳ ಪೂರ್ಣ ಮೈದಾನ ಸಾಮಾನ್ಯವಾಗಿ ನೂರು ಎಕರೆಗೂ ಹೆಚ್ಚು ಜಾಗ ಕೇಳುತ್ತದೆ. ವರ್ಷವಿಡೀ ಹಸಿರಾಗಿರಬೇಕೆಂದರೆ ನೀರು, ಗೊಬ್ಬರ, ಆಳು ಎಲ್ಲವನ್ನೂ ಸುರಿಯಬೇಕು. ಒಂಬತ್ತು ಗಿಡ್ಡ ಕುಳಿಗಳ ಮೈದಾನಕ್ಕೆ ಇಪ್ಪತ್ತು–ಮೂವತ್ತು ಎಕರೆ ಸಾಕು, ಒಂದು ಸುತ್ತು ಎರಡು ತಾಸಿನೊಳಗೆ ಮುಗಿಯುತ್ತದೆ.

ಗಾಲ್ಫಿನ ತವರಾದ ಸ್ಕಾಟ್ಲೆಂಡಿನಲ್ಲಿ ಆಟ ಬೆಳೆದದ್ದು ಕಡಲಂಚಿನ ಮರಳು ದಿಬ್ಬಗಳ ಮೇಲೆ, ಕುರಿಗಳು ಮೇಯ್ದು ಗಿಡ್ಡವಾದ ಹುಲ್ಲಿನಲ್ಲಿ. ಸೇಂಟ್ ಆಂಡ್ರೂಸ್‌ನ ಹಳೆಯ ಮೈದಾನ ಇಂದಿಗೂ ಸಾರ್ವಜನಿಕ ನೆಲ. ಸಾಮಾನ್ಯವಾಗಿ ಭಾನುವಾರ ಅಲ್ಲಿ ಆಟವಿಲ್ಲ, ಊರವರು ಅಡ್ಡಾಡುತ್ತಾರೆ. ನಮ್ಮ ದೇಶದ ಒಣ ಸೀಮೆಗಳಲ್ಲಿ ಕುಳಿಯ ಸುತ್ತ ಹುಲ್ಲಿನ ಬದಲು ಎಣ್ಣೆ ಬೆರೆಸಿದ ಮರಳು ಹರಡಿ ಆಡುವ ರೂಢಿ ಬಹುಕಾಲದ್ದು. ಅದನ್ನು ‘ಬ್ರೌನ್’ ಎನ್ನುತ್ತಾರೆ. ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನ ಮೈದಾನ ಕುದುರೆ ರೇಸಿನ ಬಯಲಲ್ಲೇ ಇದೆ. ಅಂದಮೇಲೆ ಗಾಲ್ಫಿಗೆ ಅದರದೇ ಬೇಲಿ, ಅದರದೇ ರತ್ನಗಂಬಳಿ ಇರಲೇಬೇಕೆಂದಿಲ್ಲ.

ಕಾರವಾರ–ಅಂಕೋಲಾದಲ್ಲೂ ಮರಳು ದಿಬ್ಬಗಳಿವೆ, ಸ್ಕಾಟ್ಲೆಂಡಿನಂತೆ ಅಲ್ಲೇ ಆಡಬಾರದೇಕೆ ಎಂದು ಕೇಳಬಹುದು. ಇಲ್ಲಿಯ ದಿಬ್ಬಗಳು ಕಡಲ್ಕೊರೆತಕ್ಕೆ ಅಡ್ಡ ನಿಂತಿರುವ ತಡೆ. ಕರಾವಳಿ ನಿಯಂತ್ರಣ ವಲಯದ ಕಾನೂನೂ ಅವನ್ನು ಕಾಯುತ್ತದೆ. ಕಾಳಿ, ಗಂಗಾವಳಿ ನದಿಗಳ ಅಳಿವೆಯ ಬಳಿಯ ಗಜನಿ ಗದ್ದೆಗಳಂತೂ ಮುಟ್ಟುವ ಮಾತೇ ಅಲ್ಲ, ಉಪ್ಪುನೀರು ತಾಳುವ ಭತ್ತಕ್ಕೂ ಮೀನು–ಸಿಗಡಿಗೂ ಅವೇ ಆಸರೆ. ಉಳಿಯುವುದು ಹುಲ್ಲು ಬೆಳೆಯುವ ಬೇಣದ ಇಳಿಜಾರು. ಮಳೆಗಾಲ ಮುಗಿದ ಮೇಲೂ ಕೆಲಕಾಲ ಅಲ್ಲಿ ಮಳೆಯ ಹಸಿಯೇ ಸಾಕು; ಬೇಸಿಗೆಗೆ ಬ್ರೌನ್ ಇದ್ದೇ ಇದೆ. ಬೇಸಿಗೆಯಲ್ಲೂ ಹಸಿರು ಬೇಕೆಂದು ಬೋರ್‌ವೆಲ್ ತೋಡಿ ನೀರೆಳೆದರೆ ಕಡಲಂಚಿನ ಬಾವಿಗಳಿಗೆ ಉಪ್ಪು ನುಗ್ಗೀತು.

ಬೇಣ ದನಗಳ ಮೇವಿನ ಜಾಗವಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಆಟಕ್ಕೆ ಬೇಕಾದದ್ದು ಕಿರಿದಾದ ಕತ್ತರಿಸಿದ ಪಟ್ಟಿ ಮಾತ್ರ. ಉಳಿದ ಹುಲ್ಲು ಮೇವಿಗೇ ಹೋಗಲಿ, ದನ ಮೇಯುವ ಹೊತ್ತಿಗೆ ಆಟ ನಿಲ್ಲಲಿ. ನೆಲದ ಪ್ರಶ್ನೆ ಇಲ್ಲಿ ಇನ್ನೂ ಸೂಕ್ಷ್ಮ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ಊರು ಬಿಟ್ಟಿವೆ. ದೇಶರಕ್ಷಣೆಗೆ ನೆಲ ಕೊಟ್ಟವರನ್ನು ವಿರಾಮದ ಆಟಕ್ಕಾಗಿ ಮತ್ತೆ ಒಕ್ಕಲೆಬ್ಬಿಸಲು ಯಾವ ಸಮರ್ಥನೆಯೂ ಇಲ್ಲ. ಊರಿನ ಒಪ್ಪಿಗೆಯಿಲ್ಲದೆ ಒಂದು ಗುಂಟೆಯೂ ಬೇಡ.

ಇಷ್ಟಾಗಿಯೂ ಆಡುವವರು ಯಾರು? ಬಿಡದಿ ಬಳಿಯ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯ ಹುಡುಗ ಎಸ್. ಚಿಕ್ಕರಂಗಪ್ಪ ಅಲ್ಲೇ ಕಲಿತು ವೃತ್ತಿಪರ ಆಟಗಾರನಾದ. ಮೈದಾನದ ಬಾಗಿಲು ತೆರೆದಿದ್ದರೆ ಆಡುವವರು ಹುಟ್ಟುತ್ತಾರೆ. ಹಾಗಾಗಿ ಈ ಕರಾವಳಿಗೆ ಯಾರಾದರೂ ಗಾಲ್ಫ್ ಯೋಜನೆ ತಂದರೆ ಮೂರು ಪ್ರಶ್ನೆ ಕೇಳಿ: ನೆಲ ಯಾರದು, ನೀರು ಎಲ್ಲಿಯದು, ಊರ ಮಕ್ಕಳಿಗೆ ಪ್ರವೇಶವಿದೆಯೇ? ಮೂರಕ್ಕೂ ನೇರ ಉತ್ತರ ಸಿಗದಿದ್ದರೆ ಆ ಯೋಜನೆ ನಮಗೆ ಬೇಡ.