ಬೆವರಿನಲ್ಲಿ ಹೋದದ್ದೇನು?

ಕಬಡ್ಡಿ, ಖೊ ಖೊ ಆಡಿ ದಣಿದಾಗ ತುಟಿಯ ಮೇಲೆ ಇಳಿದ ಬೆವರಿನ ರುಚಿ ನಿಮಗೆ ಗೊತ್ತಲ್ಲವೇ? ಅದು ಉಪ್ಪುಪ್ಪು. ಬೆವರು ಬರಿಯ ನೀರಲ್ಲ, ಅದರಲ್ಲಿ ಲವಣಗಳು ಕರಗಿವೆ. ಹೆಚ್ಚಿನದು ನಾವು ಅಡುಗೆಗೆ ಬಳಸುವ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್. ಜೊತೆಗೆ ಸ್ವಲ್ಪ ಪೊಟ್ಯಾಸಿಯಂ ಕೂಡ ಇರುತ್ತದೆ.

ಆಟಗಾರರಿಗಾಗಿ ಎಂದು ಪೊಟ್ಯಾಸಿಯಂ ಸೇರಿಸಿದ ಪಾನೀಯ, ಪುಡಿ, ಮಾತ್ರೆಗಳು ಅಂಗಡಿಯಲ್ಲಿ ಸಿಗುತ್ತವೆ. ಅವು ನಿಮಗೆ ಬೇಕೇ? ಮೊದಲು ಪೊಟ್ಯಾಸಿಯಂನ ಪರಿಚಯ ಮಾಡಿಕೊಳ್ಳೋಣ.

ಬೂದಿಯಿಂದ ಬಂದ ಹೆಸರು

ಹಿಂದೆ ಯುರೋಪಿನಲ್ಲಿ ಸೌದೆಯ ಬೂದಿಯನ್ನು ನೀರಿನಲ್ಲಿ ಕದಡಿ, ಸೋಸಿ, ಆ ನೀರನ್ನು ಪಾತ್ರೆಯಲ್ಲಿ ಕಾಯಿಸಿ ಇಂಗಿಸುತ್ತಿದ್ದರು. ತಳದಲ್ಲಿ ಉಳಿದ ಪುಡಿಯೇ ಪೊಟ್ಯಾಷ್. ‘ಪಾಟ್’ ಎಂದರೆ ಪಾತ್ರೆ, ‘ಆಷ್’ ಎಂದರೆ ಬೂದಿ. 1807ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ, ಕರಗಿಸಿದ ಪೊಟ್ಯಾಷ್ ಕ್ಷಾರದಲ್ಲಿ ವಿದ್ಯುತ್ ಹರಿಸಿ ಹೊಸ ಲೋಹವನ್ನು ಬೇರ್ಪಡಿಸಿದರು. ಅದೇ ಪೊಟ್ಯಾಸಿಯಂ. ಈ ಲೋಹವನ್ನು ನೀರಿಗೆ ಹಾಕಿದರೆ ಹೊತ್ತಿ ಉರಿಯುತ್ತದೆ! ಆದರೆ ನಮ್ಮ ದೇಹದಲ್ಲಿರುವುದು ಲೋಹವಲ್ಲ, ನೀರಿನಲ್ಲಿ ಕರಗಿದ ಅದರ ಲವಣ.

ಇದು ಒಳಗೆ, ಅದು ಹೊರಗೆ

ದೇಹದಲ್ಲಿರುವ ಪೊಟ್ಯಾಸಿಯಂನಲ್ಲಿ ಶೇಕಡ 98ರಷ್ಟು ಜೀವಕೋಶಗಳ ಒಳಗಿರುತ್ತದೆ. ಸೋಡಿಯಂ ಬಹುಪಾಲು ಕೋಶಗಳ ಹೊರಗಿನ ದ್ರವದಲ್ಲಿರುತ್ತದೆ. ಕೋಶದ ಪೊರೆಯಲ್ಲಿರುವ ಒಂದು ಪ್ರೋಟೀನು ಪಂಪಿನಂತೆ ಕೆಲಸ ಮಾಡಿ ಸೋಡಿಯಂ ಅನ್ನು ಹೊರಗೆ ತಳ್ಳುತ್ತದೆ, ಪೊಟ್ಯಾಸಿಯಂ ಅನ್ನು ಒಳಗೆ ತರುತ್ತದೆ. ಡೆನ್ಮಾರ್ಕಿನ ಜೆನ್ಸ್ ಸ್ಕೌ ಎಂಬ ವಿಜ್ಞಾನಿ ಏಡಿಯ ಕಾಲಿನ ನರವನ್ನು ಪರೀಕ್ಷಿಸುತ್ತಾ 1957ರಲ್ಲಿ ಇದರ ಬಗ್ಗೆ ಪ್ರಕಟಿಸಿದರು. 1997ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ದೊರೆಯಿತು.

ಒಳಗೂ ಹೊರಗೂ ಇರುವ ಈ ವ್ಯತ್ಯಾಸದಿಂದಲೇ ನರಗಳಲ್ಲಿ ಸಂದೇಶ ಸಾಗುತ್ತದೆ. ಸ್ನಾಯುಗಳು ಕುಗ್ಗಿ ಹಿಗ್ಗುತ್ತವೆ. ಹೃದಯ ಕ್ರಮವಾಗಿ ಬಡಿಯುತ್ತದೆ.

ಲೆಕ್ಕ ಹಾಕಿ ನೋಡೋಣ

ಒಂದು ಲೀಟರ್ ಬೆವರಿನಲ್ಲಿ ಸುಮಾರು 1 ಗ್ರಾಂ ಸೋಡಿಯಂ ಹೋಗಬಹುದು. ಪೊಟ್ಯಾಸಿಯಂ ಹೋಗುವುದು ಸುಮಾರು ಕಾಲು ಗ್ರಾಂ ಮಾತ್ರ. 100 ಗ್ರಾಂ ಬಾಳೆಹಣ್ಣಿನಲ್ಲಿ ಇದಕ್ಕಿಂತ ಹೆಚ್ಚು, ಅಂದರೆ ಸುಮಾರು 0.35 ಗ್ರಾಂ ಪೊಟ್ಯಾಸಿಯಂ ಇದೆ. ಬಿಸಿಯೂಟದ ಬೇಳೆ, ತರಕಾರಿ, ಸೊಪ್ಪಿನಲ್ಲೂ ಆಲೂಗಡ್ಡೆ, ಹುರುಳಿ, ಎಳನೀರಿನಲ್ಲೂ ಅದು ಧಾರಾಳವಾಗಿದೆ. ಹಾಗಾಗಿ ಆಟದ ನಡುವೆ ಆಗಾಗ ನೀರು ಕುಡಿಯಿರಿ, ಆಮೇಲೆ ಹೊಟ್ಟೆ ತುಂಬ ಊಟ ಮಾಡಿ. ಬೆವರಿನಲ್ಲಿ ಹೋದದ್ದು ಮರಳಿ ಬರುತ್ತದೆ.

ಪೊಟ್ಯಾಸಿಯಂ ಮಾತ್ರೆಗಳನ್ನು ಮಾತ್ರ ನೀವಾಗಿ ನುಂಗಬಾರದು. ಊಟದಲ್ಲಿ ಹೆಚ್ಚಾದ ಪೊಟ್ಯಾಸಿಯಂ ಅನ್ನು ಆರೋಗ್ಯವಂತರ ಮೂತ್ರಪಿಂಡಗಳು ಹೊರಹಾಕುತ್ತವೆ. ಒಮ್ಮೆಲೇ ಬಹಳ ಸೇರಿದರೆ ಅಥವಾ ಮೂತ್ರಪಿಂಡದ ಕಾಯಿಲೆ ಇದ್ದರೆ ರಕ್ತದಲ್ಲಿ ಅದು ಏರಿ ಹೃದಯದ ಬಡಿತ ತಪ್ಪಬಹುದು, ನಿಂತೂ ಹೋಗಬಹುದು. ವೈದ್ಯರು ಹೇಳಿದರೆ ಮಾತ್ರ ಅದು ಔಷಧಿ.

ಭೇದಿಯಾದರೆ?

ಆಗ ಮಾತು ಬೇರೆ. ಭೇದಿಯಲ್ಲಿ ನೀರಿನೊಂದಿಗೆ ಸೋಡಿಯಂ, ಪೊಟ್ಯಾಸಿಯಂ ಎರಡೂ ವೇಗವಾಗಿ ನಷ್ಟವಾಗುತ್ತವೆ. ಪುಟ್ಟ ಮಕ್ಕಳ ಜೀವಕ್ಕೇ ಅಪಾಯ. ಇದಕ್ಕೆಂದೇ ಇರುವುದು ಓ.ಆರ್.ಎಸ್. ಪೊಟ್ಟಣ. ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದಂತೆ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ ಇರುತ್ತದೆ. ಕರುಳು ಗ್ಲೂಕೋಸನ್ನು ಹೀರುವಾಗ ಸೋಡಿಯಂ ಜೊತೆಗೇ ಒಳಗೆ ಬರುತ್ತದೆ, ಹಿಂದೆಯೇ ನೀರೂ ಬರುತ್ತದೆ.

ನಿಮ್ಮ ತಂಗಿಗೋ ತಮ್ಮನಿಗೋ ಭೇದಿಯಾದರೆ ಪೊಟ್ಟಣದ ಮೇಲೆ ಹೇಳಿದಷ್ಟೇ ನೀರನ್ನು ಕುದಿಸಿ ಆರಿಸಿ, ಪುಡಿಯನ್ನು ಪೂರ್ತಿ ಕರಗಿಸಿ, ಗುಟುಕು ಗುಟುಕಾಗಿ ಕುಡಿಸಲು ಮನೆಯವರಿಗೆ ತಿಳಿಸಿ. ಮಾಡಿದ ದ್ರಾವಣವನ್ನು 24 ಗಂಟೆಯ ನಂತರ ಬಳಸಬಾರದು. ಮಗು ಮಂಕಾದರೆ, ಕುಡಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮಾಡಿ ನೋಡಿ: ಆರೋಗ್ಯ ಕೇಂದ್ರದಿಂದ ಒಂದು ಓ.ಆರ್.ಎಸ್. ಪೊಟ್ಟಣ ತನ್ನಿ. ಅದರ ಮೇಲೆ ಅಚ್ಚಾಗಿರುವ ನಾಲ್ಕು ವಸ್ತುಗಳ ಹೆಸರನ್ನು ಓದಿ. ಪ್ರತಿಯೊಂದರ ಕೆಲಸವೇನೆಂದು ಗೆಳೆಯರಿಗೆ ವಿವರಿಸಬಲ್ಲಿರಾ?