ಶಾಲೆ ಕಟ್ಟಿಸಿದರೆ ಷೇರಿನ ಬೆಲೆ ಏರುವುದೇ?

ಕಂಪನಿಯೊಂದು ಹಳ್ಳಿಯ ಶಾಲೆಗೆ ಕೊಠಡಿ ಕಟ್ಟಿಸಿತು, ಕುಡಿಯುವ ನೀರಿನ ಘಟಕ ಹಾಕಿಸಿತು ಎಂಬ ಸುದ್ದಿಯನ್ನು ನೀವು ಓದಿರುತ್ತೀರಿ. ಆ ಹಣ ಯಾರದು? ಕಂಪನಿಯ ಒಡೆಯರೆಂದರೆ ಅದರ ಷೇರುದಾರರು. ಈ ಖರ್ಚಿನಿಂದ ಅವರ ಷೇರಿನ ಬೆಲೆ ಏನಾಗುತ್ತದೆ ಎಂದು ಕೇಳುವುದು ಜಿಪುಣತನವಲ್ಲ, ನ್ಯಾಯವಾದ ಪ್ರಶ್ನೆಯೇ.

ಉತ್ತರ ಹುಡುಕಲು ನಮ್ಮ ದೇಶವೇ ಒಂದು ಪ್ರಯೋಗಶಾಲೆಯಾಯಿತು. 2013ರ ಕಂಪನಿ ಕಾಯಿದೆಯ 135ನೆಯ ಕಲಮು 2014ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ನಿವ್ವಳ ಮೌಲ್ಯ 500 ಕೋಟಿ ರೂಪಾಯಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ. ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಕನಿಷ್ಠ ಶೇಕಡ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕು.

ಈಗ ಕಾಗದ, ಪೆನ್ಸಿಲು ತೆಗೆದುಕೊಳ್ಳಿ. ಷೇರಿನ ಬೆಲೆ ಎಂಬುದು ಮುಂದೆ ಬರಲಿರುವ ಲಾಭವನ್ನು ಕುರಿತು ಪೇಟೆ ಇಂದು ಮಾಡುವ ಅಂದಾಜು. ಕಂಪನಿಯ ಲಾಭ ತೆರಿಗೆಗೆ ಮುಂಚೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. ಆ ಕಾಲದ ದರದಲ್ಲಿ ತೆರಿಗೆ ಸುಮಾರು 34 ರೂಪಾಯಿ, ಉಳಿದದ್ದು 66. ಸಾಮಾಜಿಕ ಕಾರ್ಯದ 2 ರೂಪಾಯಿಯನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ಉಳಿಸಿಕೊಳ್ಳಲು 2014ರ ಹಣಕಾಸು ಕಾಯಿದೆ ಬಿಡಲಿಲ್ಲ. ಆದ್ದರಿಂದ ಅದು ನೇರವಾಗಿ 66ರಿಂದಲೇ ಹೋಗಿ 64 ಉಳಿಯುತ್ತದೆ. ಅಂದರೆ ಇಳಿಕೆ ಶೇಕಡ 2 ಅಲ್ಲ, ಸುಮಾರು 3. ಬೇರೇನೂ ಬದಲಾಗದಿದ್ದರೆ ಬೆಲೆಯೂ ಅಷ್ಟೇ ಇಳಿಯಬೇಕು.

ನಿಜವಾಗಿ ಆದದ್ದೇನು? ಹರಿಓಂ ಮಂಚಿರಾಜು ಮತ್ತು ಶಿವರಾಂ ರಾಜಗೋಪಾಲ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಖರ್ಚು ಮಾಡಲೇಬೇಕಾಗಿ ಬಂದ ಕಂಪನಿಗಳ ಷೇರುಬೆಲೆ ಸರಾಸರಿ ಶೇಕಡ 4.1ರಷ್ಟು ಕುಸಿಯಿತು. ನಮ್ಮ ಲೆಕ್ಕಕ್ಕಿಂತ ತುಸು ಹೆಚ್ಚು! ಹೊಸ ಸಮಿತಿ, ವರದಿ, ನಿರ್ದೇಶಕರ ಸಮಯ, ‘ನಮ್ಮೂರಿಗೂ ಒಂದಿಷ್ಟು ಕೊಡಿ’ ಎಂಬ ಒತ್ತಡ, ಇವುಗಳನ್ನೂ ಪೇಟೆ ಎಣಿಸಿರಬಹುದೆಂಬುದು ನನ್ನ ಊಹೆ. ಕುತೂಹಲದ ಸಂಗತಿ ಇನ್ನೊಂದಿದೆ. ಜಾಹೀರಾತಿಗೆ ಹೆಚ್ಚು ಖರ್ಚು ಮಾಡುವ ಕಂಪನಿಗಳಿಗೆ ಈ ಪೆಟ್ಟು ಬೀಳಲಿಲ್ಲ. ಸೋಪು, ಬಿಸ್ಕತ್ತು ಮಾರುವವರಿಗೆ ಒಳ್ಳೆಯ ಹೆಸರೂ ಬಂಡವಾಳವೇ ತಾನೆ?

ಅಮೆರಿಕದಿಂದ ಬಂದ ಉತ್ತರ ಬೇರೆಯಾಗಿದೆ. 2008-09ರ ಆರ್ಥಿಕ ಬಿಕ್ಕಟ್ಟಿನಲ್ಲಿ, ಸಾಮಾಜಿಕ ಹೊಣೆಯಲ್ಲಿ ಮುಂದಿದ್ದ ಕಂಪನಿಗಳ ಷೇರುಗಳು ಹಿಂದುಳಿದವುಗಳಿಗಿಂತ 4ರಿಂದ 7 ಶೇಕಡಾಂಶ ಹೆಚ್ಚಿನ ಪ್ರತಿಫಲ ಕೊಟ್ಟವೆಂದು 2017ರಲ್ಲೇ ಪ್ರಕಟವಾದ ಮತ್ತೊಂದು ಅಧ್ಯಯನ ತೋರಿಸಿತು. ಯಾರನ್ನು ನಂಬುವುದೆಂದು ತೋಚದ ಕಾಲದಲ್ಲಿ ಹಿಂದೆ ಗಳಿಸಿದ ವಿಶ್ವಾಸ ಕೈಹಿಡಿಯಿತು.

ಇವೆರಡೂ ಪರಸ್ಪರ ವಿರುದ್ಧವೇನಲ್ಲ. ಅಲ್ಲಿನ ಕಂಪನಿಗಳು ಖರ್ಚನ್ನು ತಾವೇ ಆರಿಸಿಕೊಂಡಿದ್ದವು. ಇಲ್ಲಿ ಕಾಯಿದೆ ವಿಧಿಸಿತು. ತಾನಾಗಿ ಕೊಡುವ ಕಂಪನಿಯ ವಿಷಯದಲ್ಲಿ ಒಂದು ತೊಡಕಿದೆ: ಕೊಟ್ಟದ್ದರಿಂದ ಅದು ಬೆಳೆಯಿತೋ, ಬೆಳೆದದ್ದರಿಂದ ಕೊಟ್ಟಿತೋ ಹೇಳುವುದು ಕಷ್ಟ. ಕಾಯಿದೆಯ ಕಟ್ಟಿಗೆ ಸಿಕ್ಕಿದವರನ್ನೂ ಸಿಗದವರನ್ನೂ ಹೋಲಿಸಿದಾಗ ಆ ತೊಡಕು ಬಹಳ ಮಟ್ಟಿಗೆ ತಪ್ಪುತ್ತದೆ. ಸಂಶೋಧಕರು ಭಾರತದತ್ತ ನೋಡಿದ್ದು ಇದಕ್ಕಾಗಿಯೇ.

ಕಾಯಿದೆಗೆ ಒಳಪಟ್ಟ ಪ್ರತಿಯೊಂದು ಕಂಪನಿಯೂ ನಿರ್ದೇಶಕ ಮಂಡಳಿಯ ವರದಿಯಲ್ಲಿ ಈ ಖರ್ಚಿನ ವಿವರ ಕೊಡಬೇಕು. ನಿಮಗೆ ಪರಿಚಯವಿರುವ ಯಾವುದಾದರೂ ಕಂಪನಿಯ ವಾರ್ಷಿಕ ವರದಿ ಸಿಕ್ಕಿದರೆ, ಆ ಪುಟವನ್ನೂ ಜಾಹೀರಾತಿನ ಖರ್ಚಿರುವ ಪುಟವನ್ನೂ ಅಕ್ಕಪಕ್ಕದಲ್ಲಿಟ್ಟು ಓದಿ ನೋಡಿ.